ಒಂಬತ್ತೂವರೆಯ ಮುಂದಿನ ಸೊನ್ನೆ

"ಒಂದು ಮಾತು ಮೊದಲೇ ಹೇಳ್ಬಿಡ್ತೀನಿ ಮೇಡಂ. ನನ್ನ ಪ್ರೋಗ್ರಾಮು ಏಳು ವರ್ಷ ಒಂದು ದಿನಾನೂ ಕೈ ಕೊಟ್ಟಿಲ್ಲ," ಅಂದರು ಕಂಪ್ಯೂಟರ್ ಮೇಷ್ಟ್ರು.

"ಎಂಟನೇ ವರ್ಷ ಕೊಡ್ತಲ್ಲ. ಇಬ್ಬರು ಹೋದ್ರು," ಅಂದಳು ಮೀಟರಕ್ಕ.

ಮೇಷ್ಟ್ರು ಮೇಜಿನ ಮೇಲಿದ್ದ ಡಸ್ಟರನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಮತ್ತೆ ಎತ್ತಿ ಮೊದಲಿದ್ದ ಕಡೆಯೇ ಇಟ್ಟರು.

ಟಯರ್ ಅಂಗಡಿಯ ಮಹಡಿಯ ಮೇಲಿನ ಉದ್ದನೆಯ ಕೋಣೆ ಅದು. ಗೋಡೆಗೆ ಬೆನ್ನು ಹಾಕಿ ಹನ್ನೆರಡು ಕಂಪ್ಯೂಟರುಗಳು, ಪ್ರತಿಯೊಂದಕ್ಕೂ ಹಳೇ ಸೀರೆಯಲ್ಲಿ ಹೊಲಿದ ಗವುಸು. ಮಧ್ಯಾಹ್ನದ ಬ್ಯಾಚು ಮುಗಿದು ಸಂಜೆಯ ಬ್ಯಾಚು ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಕೆಳಗಿನಿಂದ ರಬ್ಬರಿನ ವಾಸನೆ ಕಿಟಕಿ ಹತ್ತಿ ಬರುತ್ತಿತ್ತು.

ಎಂಟು ವಾರದ ಹಿಂದೆ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಬಾಯ್ಲರ್ ಸಿಡಿದು ಇಸ್ತ್ರಿ ವಿಭಾಗದ ಇಬ್ಬರು ಹೆಂಗಸರು ಸತ್ತಿದ್ದರು. ಮೇಷ್ಟ್ರ ಪ್ರೋಗ್ರಾಮಿನಿಂದ ನಡೆಯುವ ಎಚ್ಚರಿಕೆಯ ಗಂಟೆಯನ್ನು ಬಂದ್ ಮಾಡಿ ಮಲಗಿದ್ದ ಎಂದು ಬಾಯ್ಲರ್ ಮಿಸ್ತ್ರಿಯನ್ನು ಜೈಲಿಗೆ ಹಾಕಿದ್ದರು. ನಾಳೆ ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಅವನ ಸರದಿ. ಗಂಟೆ ತಾನಾಗಿ ಯಾಕೆ ಹೊಡೆಯಲಿಲ್ಲ ಎನ್ನುವುದಕ್ಕೆ ಅಷ್ಟರೊಳಗೆ ಕಾರಣ ಸಿಗದಿದ್ದರೆ ಹತ್ತು ವರ್ಷ ಗ್ಯಾರಂಟಿ ಎಂದು ವಕೀಲರು ಹೇಳಿಬಿಟ್ಟಿದ್ದರು.

ಮಿಸ್ತ್ರಿಯ ಮಗಳು ಮೀಟರಕ್ಕನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ಅದೇ ಲಾಂಡ್ರಿಯ ಆಫೀಸಿನಲ್ಲಿ ಗುಮಾಸ್ತೆ. ಈ ಕೇಸನ್ನು ಮೀಟರಕ್ಕನ ಬಳಿ ತಂದವಳೂ ಅವಳೇ. ಅಪ್ಪ ಮೀಟರಕ್ಕನನ್ನು "ಅಕ್ಕ" ಎನ್ನುತ್ತಿದ್ದುದರಿಂದ ಮಗಳಿಗೆ ಆಕೆ ಅತ್ತೆ.

ಮೀಟರಕ್ಕ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿದವಳು. ಪತ್ತೇದಾರಿಗೆ ಇಳಿದದ್ದು ರಿಟೈರಾದ ಮೇಲೆ. ಯಾರ ಮನೆಯ ಮೆಟ್ಟಿಲ ಕೆಳಗೆ ಏನಿದೆ, ಯಾರ ಅಡುಗೆಮನೆಯ ಬಾಗಿಲ ಹಿಂದೆ ಯಾರು ನಿಂತು ಕೇಳಿಸಿಕೊಳ್ಳುತ್ತಾರೆ ಎಂದೆಲ್ಲ ನೋಡಿ ನೋಡಿ, ಇನ್ನೇನೂ ನೋಡದೆ ಮನೆಯಲ್ಲಿ ಕೂರುವುದು ಆಕೆಯಿಂದ ಆಗಲಿಲ್ಲ.

"ನಾನು ಓದ್ತಿದ್ದ ಮೀಟರಲ್ಲಿ ಆರು ಚಕ್ರ ಇರ್ತಿದ್ವು ಮೇಷ್ಟ್ರೇ. ಹೊಸ ಮನೆ ಅಂದ್ರೆ ಮುಂದಿನ ಮೂರೂ ಸೊನ್ನೆ. ಆ ಸೊನ್ನೆ ಅಲ್ಲಿ ಕಾಣ್ಲಿಲ್ಲ ಅಂದ್ರೆ ಯಾರೋ ಮೀಟರು ಬಿಚ್ಚಿದ್ದಾರೆ ಅಂತಾನೇ ಲೆಕ್ಕ," ಎನ್ನುತ್ತಾ ಚೀಲದಿಂದ ಎರಡು ಹಾಳೆ ತೆಗೆದಳು. "ಈಗ ಇವೆರಡೂ ನೋಡಿ."

ಮೊದಲನೆಯದು ಬಾಯ್ಲರಿನ ದಿನಚರಿ. ನಿಮಿಷಕ್ಕೊಂದು ಸಾಲಿನಂತೆ ಯಂತ್ರ ತಾನೇ ಬರೆದದ್ದು. ಆ ಬೆಳಗಿನ ಒತ್ತಡ ಅದರಲ್ಲಿ ಸಾಲಾಗಿ ನಿಂತಿತ್ತು: 07.20, 08.90, 09.60, 10.40, 12.10. ಆಮೇಲೆ ಏನೂ ಇರಲಿಲ್ಲ.

ಎರಡನೆಯದು ಮಿತಿಗಳ ಪಟ್ಟಿ. ಯಾವ ಅಳತೆ ಎಲ್ಲಿಗೆ ಮುಟ್ಟಿದರೆ ಗಂಟೆ ಹೊಡೆಯಬೇಕು ಎಂದು ಯಂತ್ರಕ್ಕೆ ಹೇಳುವ ಪಟ್ಟಿ. ಪೊಲೀಸರು ಕಟ್ಟಿಟ್ಟ ಕಾಗದಗಳಿಂದ ವಕೀಲರು ನಿನ್ನೆಯಷ್ಟೇ ಪ್ರತಿ ತೆಗೆಸಿದ್ದರು. ಅದರಲ್ಲಿ ಒತ್ತಡದ ಎದುರಿಗೆ 9.5 ಎಂದಿತ್ತು.

ಮೇಷ್ಟ್ರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಸೊನ್ನೆ ಎಲ್ಲಿ ಹೋಯ್ತು?" ಅಂದರು ಮೆಲ್ಲಗೆ.

"ಅದನ್ನ ಕೇಳೋಕೇ ನಾಲ್ಕು ಬಸ್ಸು ಬದಲಾಯಿಸ್ಕೊಂಡು ಬಂದಿದ್ದು."

ಮೇಷ್ಟ್ರು ಎದ್ದು ಬೋರ್ಡಿನ ಹತ್ತಿರ ಹೋದರು. 09.60 ಎಂದು ಬರೆದು ಅದರ ಕೆಳಗೆ 9.5 ಎಂದು ಬರೆದರು. ಸೀಮೆಸುಣ್ಣ ಹಿಡಿದ ಮೇಲೆ ಮನುಷ್ಯನ ಧ್ವನಿಯೇ ಬೇರೆಯಾಯಿತು.

"ನಿಮ್ಮ ಕಣ್ಣಿಗೆ ಇವು ಅಂಕಿ. ಆ ಪುಟ್ಟ ಯಂತ್ರದ ಕಣ್ಣಿಗೆ ಅಕ್ಷರ. ಪ್ರತಿ ಅಳತೆಗೂ ಐದು ಮನೆ ಕಟ್ಟಿದ್ದೆ ನಾನು. ಎರಡು ಅಂಕಿ, ಒಂದು ಚುಕ್ಕಿ, ಮತ್ತೆ ಎರಡು ಅಂಕಿ. ಚುಕ್ಕಿಗೂ ಒಂದು ಮನೆ ಬೇಕು, ಎಷ್ಟೋ ಜನ ಅದನ್ನೇ ಮರೀತಾರೆ. ಅಂಕಿ ಸಾಲದೆ ಹೋದ್ರೆ ಮುಂದಿನ ಮನೇಲಿ ಸೊನ್ನೆ ಕೂರ್ಸೋದು, ಅಷ್ಟೇ."

"ಸರಿ. ಗಂಟೆ?"

"ಹಾಜರಿ ಪುಸ್ತಕದಲ್ಲಿ ಹೆಸರು ಜೋಡಿಸ್ತೀವಲ್ಲ, ಹಾಗೆ. ಮೊದಲ ಅಕ್ಷರ ನೋಡು, ಅದು ಒಂದೇ ಆದ್ರೆ ಎರಡನೇದು ನೋಡು. ಐದೈದು ಮನೆ ತುಂಬಿದ್ರೆ ಈ ಲೆಕ್ಕ ಯಾವತ್ತೂ ತಪ್ಪಲ್ಲ. ಈಗ ನೋಡಿ." ಸೀಮೆಸುಣ್ಣದಿಂದ ಮೇಲಿನ ಸೊನ್ನೆಗೆ ಒಂದು ಸುತ್ತು, ಕೆಳಗಿನ ಒಂಬತ್ತಕ್ಕೆ ಒಂದು ಸುತ್ತು ಹಾಕಿದರು. "ಸೊನ್ನೆ ದೊಡ್ಡದೋ ಒಂಬತ್ತು ದೊಡ್ಡದೋ?"

"ಒಂಬತ್ತು."

"ಹಾಗಾಗಿ ಮಿತಿ ಇನ್ನೂ ಮೇಲಿದೆ, ಒತ್ತಡ ಕೆಳಗಿದೆ ಅಂತ ಯಂತ್ರ ಸುಮ್ಮನಾಯ್ತು. ಮುಂದೆ ಹತ್ತಕ್ಕೆ ಹೋಯ್ತು. ಹತ್ತರ ಮೊದಲ ಅಕ್ಷರ ಒಂದು. ಅದೂ ಒಂಬತ್ತಕ್ಕಿಂತ ಚಿಕ್ಕದು. ಹನ್ನೆರಡೂ ಅಷ್ಟೇ." ಸೀಮೆಸುಣ್ಣ ಕೆಳಗಿಟ್ಟರು. "ಈ ಪಟ್ಟಿ ಇರೋ ತನಕ ಆ ಗಂಟೆ ಹೊಡಿಯೋ ಹಾಗೇ ಇರ್ಲಿಲ್ಲ. ಯಾರೂ ಬಂದ್ ಮಾಡ್ಬೇಕಾಗಿರ್ಲಿಲ್ಲ."



ಒತ್ತಡ ಮೀರಿದರೆ ಹಬೆ ಹೊರಬಿಡುವ ಸೇಫ್ಟಿ ವಾಲ್ವು ತುಕ್ಕು ಹಿಡಿದು ಮೂರು ವರ್ಷದಿಂದ ಕಚ್ಚಿಕೊಂಡಿತ್ತೆಂದು ಮೀಟರಕ್ಕನಿಗೆ ಗೊತ್ತಿತ್ತು. ಮಿಸ್ತ್ರಿ ಮೂರು ಸಲ ಬರೆದುಕೊಟ್ಟಿದ್ದ, ಲಾಂಡ್ರಿಯ ಮ್ಯಾನೇಜರ್ ಮೂರು ಸಲವೂ ಆ ಚೀಟಿಯನ್ನು ಟೀ ಲೋಟದ ಕೆಳಗಿಟ್ಟಿದ್ದ. ಎರಡು ಬಾಯ್ಲರಿಗೆ ಒಬ್ಬನೇ ಆಳು. ಒಂದರ ಮುಂದೆ ನಿಂತರೆ ಇನ್ನೊಂದರ ಒತ್ತಡದ ಮುಳ್ಳು ಕಾಣದು. ಹಾಗಾಗಿ ಉಳಿದಿದ್ದ ಕಾವಲು ಈ ಗಂಟೆ ಒಂದೇ.

"ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದಳು. "ಅಂಕೀನ ಅಂಕಿ ಅಂತಾನೇ ನೋಡೋ ಹಾಗೆ ಯಾಕೆ ಬರೀಲಿಲ್ಲ ನೀವು? ಇದನ್ನ ಯಾರೂ ಕಲಿಸ್ಲಿಲ್ವಾ ನಿಮಗೆ?"

"ಯಾರು ಕಲಿಸ್ತಾರೆ? ಹಳೇ ಪುಸ್ತಕ ಇಟ್ಕೊಂಡು ಕಲ್ತೋನು ನಾನು. ನೀವು ಪತ್ತೇದಾರಿ ಯಾವ ಕಾಲೇಜಲ್ಲಿ ಓದಿದ್ರಿ?"

"ಮೀಟರ್ ಪೆಟ್ಟಿಗೆ ಕಾಲೇಜಲ್ಲಿ."

ಮೇಷ್ಟ್ರ ತುಟಿ ನಗುವಿಗೆ ಬಂದು ಅಲ್ಲೇ ನಿಂತಿತು. "ಎರಡೇ ದಿನ ಟೈಮ್ ಕೊಟ್ಟಿದ್ರು ಅಕ್ಕಾ. ತಂತೀಲಿ ಬರ್ತಿದ್ದದ್ದು ಅಕ್ಷರ. ಹಾಗೇ ಹೋಲಿಸ್ದೆ. ಕೆಲಸ ಮಾಡ್ತು. ಕೆಲಸ ಮಾಡೋದನ್ನ ಯಾರು ಬಿಚ್ಚಿ ನೋಡ್ತಾರೆ?" ಮೇಡಂ ಹೋಗಿ ಅಕ್ಕ ಬಂದದ್ದನ್ನು ಅವರೂ ಗಮನಿಸಲಿಲ್ಲ.

"ಬಾಯ್ಲರ್ ಮನೇಲಿರೋ ಆ ಚಿಕ್ಕ ಕೀಲಿಮಣೆಯಿಂದ ಮಿಸ್ತ್ರಿ ಈ ಮಿತಿ ಬದಲಾಯಿಸಿದ್ರೆ?"

"ಅಲ್ಲಿಂದ ಸೊನ್ನೆ ತೆಗಿಯೋಕೆ ಬರೋದೇ ಇಲ್ಲ." ಮೇಷ್ಟ್ರು ಒಂದು ಗವುಸು ಸರಿಸಿ ಕಂಪ್ಯೂಟರ್ ಹಚ್ಚಿದರು. ಹಳೆಯ ಪ್ರೋಗ್ರಾಮಿನ ಪ್ರತಿ ಅದರಲ್ಲಿತ್ತು. 9.5 ಎಂದು ಒತ್ತಿದರು. ಪರದೆಯ ಮೇಲೆ 09.50 ಎಂದು ಬಂತು. ಬರೀ 9 ಒತ್ತಿದರು. 09.00 ಬಂತು. "ನೋಡಿ. ಅವನು ಹೇಗೆ ಒತ್ತಿದ್ರೂ ಸೊನ್ನೆ ತಾನೇ ಬಂದು ಕೂರುತ್ತೆ. ಈ ಪಟ್ಟಿ ಆಫೀಸಿನ ಕಂಪ್ಯೂಟರಿನಲ್ಲಿ ಕೆಟ್ಟಿದ್ದು. ಬೇರೆ ದಾರಿ ಇಲ್ಲ."

ಮೀಟರಕ್ಕನ ಎದೆಯ ಮೇಲಿದ್ದ ಕಲ್ಲು ಎಂಟು ವಾರದಲ್ಲಿ ಮೊದಲ ಸಲ ಅಲುಗಿತು. ಮಿಸ್ತ್ರಿಗೆ ಆಫೀಸಿನ ಕಂಪ್ಯೂಟರು ಹಚ್ಚುವುದಕ್ಕೇ ಬಾರದು. ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗುವ ಮನುಷ್ಯ ಅವನು. ಗಂಟೆ ಬಡಿದರೆ ಕೆಲಸ ನಿಲ್ಲುತ್ತದೆ ಎಂದು ಕೂಗಾಡುತ್ತಿದ್ದವನು ಮ್ಯಾನೇಜರ್. ಆಫೀಸಿನ ಕೋಣೆಯಲ್ಲಿ ಕೂರುವವನೂ ಅವನೇ.

"ಕೇಳಿದ್ಯಾ?" ಎಂದು ಮಗಳ ಮೊಣಕಾಲು ತಟ್ಟಿದಳು. "ನಿಮ್ಮಪ್ಪ ಬಚಾವಾದ."

ಮಗಳು ಬೋರ್ಡನ್ನೇ ನೋಡುತ್ತಿದ್ದಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

"ನಾಳೆ ಕೋರ್ಟಲ್ಲಿ ಇದನ್ನೇ ಹೇಳ್ತೀರಾ ಮೇಷ್ಟ್ರೇ?"

"ಹೇಳಿದ್ರೆ ಮುಂದಿನ ಪ್ರಶ್ನೆ ನನಗೇ ಬರುತ್ತೆ. ಅಕ್ಷರದ ಥರ ಹೋಲಿಸಿದ ಪುಣ್ಯಾತ್ಮ ಯಾರು ಅಂತ." ಮೇಷ್ಟ್ರು ಕೂತರು. "ಆದ್ರೂ ಹೇಳ್ತೀನಿ. ಆದ್ರೆ ಅಕ್ಕಾ, ಅಷ್ಟು ಬೇಗ ಮ್ಯಾನೇಜರ ಕುತ್ತಿಗೆಗೆ ಕೈ ಹಾಕ್ಬೇಡಿ. ಈ ಹಾಳೆ ಪೂರ್ತಿ ನೋಡಿದ್ರಾ?"

"ನೋಡದೆ ಏನು."

"ಒತ್ತಡದ ಸಾಲು ಮಾತ್ರ ನೋಡಿದ್ದೀರಿ." ಮೇಷ್ಟ್ರು ಬೆರಳಿಟ್ಟು ಕೆಳಗೆ ಇಳಿಸಿದರು. "ನೀರಿನ ಮಟ್ಟ, ಇಲ್ಲೂ ಸೊನ್ನೆ ಇಲ್ಲ. ಪಂಪು, ಇಲ್ಲೂ ಇಲ್ಲ. ಹೊಗೆ ಕೊಳವೆ, ಇಲ್ಲೂ. ಒಟ್ಟು ಹದಿನಾಲ್ಕು ಸಾಲು. ಗಂಟೆ ಬಾಯಿ ಮುಚ್ಚಿಸೋಕೆ ಬಂದೋನು ಒಂದು ಸಾಲು ಮುಟ್ಟಿ ಹೋಗ್ತಾನೆ. ಹದಿನಾಲ್ಕೂ ಸಾಲಿನ ಸೊನ್ನೆ ಕೂತು ಅಳಿಸ್ತಾನಾ?"

"ಮತ್ತೆ?"

"ಇದು ಮನುಷ್ಯ ಅಳಿಸಿದ್ದಲ್ಲ. ಗೆರೆ ಹಾಕಿ ಚೌಕ ಚೌಕ ಮಾಡ್ತಾರಲ್ಲ, ಆ ಶೀಟಿನ ಪ್ರೋಗ್ರಾಮು ಅಳಿಸಿದ್ದು."

ತೋರಿಸಿದರು. ತಮ್ಮ ಹಳೆಯ ಪ್ರತಿಯಲ್ಲಿದ್ದ ಪಟ್ಟಿಯನ್ನು ಶೀಟಿನಲ್ಲಿ ತೆರೆದರು. ಐದೈದು ಮನೆಯ ಅಂಕಿಗಳು ತೆರೆಯುವಾಗಲೇ ಮುಂದಿನ ಸೊನ್ನೆ ಕಳಚಿಕೊಂಡು ಬಲಕ್ಕೆ ಸರಿದು ಅಚ್ಚುಕಟ್ಟಾಗಿ ಕೂತವು. ಮೇಷ್ಟ್ರು ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಮುಚ್ಚಲು ಹೋದರು. ಉಳಿಸಿಕೊಳ್ಳಬೇಕೆ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದರು.

"ಮುಗೀತು," ಅಂದರು. "ಮಾರನೇ ಬೆಳಿಗ್ಗೆ ಬಾಯ್ಲರು ಹಚ್ಚಿದಾಗ ಯಂತ್ರ ಈ ಪಟ್ಟೀನೇ ಓದ್ಕೊಳ್ಳುತ್ತೆ. ಕೆಟ್ಟೋನ ಕೆಲಸ ಅಲ್ಲ ಅಕ್ಕಾ ಇದು. ನೀಟಾಗಿ ಗೆರೆ ಹಾಕಿ ಪ್ರಿಂಟು ತೆಗಿಬೇಕು ಅನ್ನೋ ಯಾರೋ ಅಚ್ಚುಕಟ್ಟಿನೋರ ಕೆಲಸ. ನನ್ನ ಹತ್ರ ಕಲ್ತೋರು ಯಾರಾದ್ರೂ ಅಲ್ಲಿ ಹೌದು ಅಂತಾನೇ ಒತ್ತುತ್ತಾರೆ. ಏನೇ ಮಾಡಿ, ಮುಚ್ಚೋ ಮುಂಚೆ ಸೇವ್ ಮಾಡಿ. ಮೊದಲ ದಿನದ ಪಾಠ ಅದು."

ಹೇಳುತ್ತಾ ಹೇಳುತ್ತಾ ಅವರ ಕಣ್ಣು ಮೀಟರಕ್ಕನನ್ನು ದಾಟಿ ಪಕ್ಕದ ಸ್ಟೂಲಿಗೆ ಹೋಯಿತು.

"ನಿನ್ನ ಮುಖ ಎಲ್ಲೋ ನೋಡಿದ್ದೀನಿ ಅಂತ ಆಗಿಂದ ಅಂದ್ಕೋತಿದ್ದೆ," ಅಂದರು. "ಎರಡನೇ ಬ್ಯಾಚು ಅಲ್ವೇನಮ್ಮ ನೀನು? ಆ ಮೂಲೆ ಕಂಪ್ಯೂಟರು."

ಮಗಳು ತಲೆಯಾಡಿಸಿದಳು.

ಹಾಳೆ ಮೀಟರಕ್ಕನ ತೊಡೆಯ ಮೇಲಿತ್ತು. ಮೇಲ್ಗಡೆ ದಪ್ಪಕ್ಷರದಲ್ಲಿ ತಲೆಬರಹ, ಸುತ್ತ ಗೆರೆ, ಅಂಕಿಗಳೆಲ್ಲ ಸೈನಿಕರ ಹಾಗೆ ಒಂದೇ ಸಾಲಿನಲ್ಲಿ. ನಿನ್ನೆ ಅದನ್ನು ಮಗಳ ಕೈಗೆ ಕೊಟ್ಟು, ಪಾಪಿಗಳಾದರೂ ಎಷ್ಟು ಚೆಂದ ಗೆರೆ ಹಾಕಿದ್ದಾರೆ ನೋಡು ಎಂದು ತಾನೇ ಹೊಗಳಿದ್ದಳು. ಆಗ ಮಗಳು ಹಾಳೆಯನ್ನು ವಾಪಸು ಕೊಟ್ಟ ರೀತಿ ಈಗ ನೆನಪಾಯಿತು. ಬಿಸಿ ಪಾತ್ರೆ ದಾಟಿಸುವ ಹಾಗೆ ತುದಿಬೆರಳಲ್ಲಿ.

ಮೂವತ್ತೊಂದು ವರ್ಷ ಮೀಟರು ಓದಿದ ಕಣ್ಣು. ಎದುರಿಗಿದ್ದದ್ದನ್ನು ಓದಲಿಲ್ಲ.

"ಹೋಗೋಣ ಅತ್ತೆ," ಅಂದಳು ಮಗಳು.

ಕೆಳಗೆ ಟಯರಿನವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಇಬ್ಬರೂ ಅವನನ್ನು ದಾಟಿ ಬಸ್‌ಸ್ಟಾಪಿನ ಸಿಮೆಂಟು ಬೆಂಚಿಗೆ ಬಂದು ಕೂತರು. ಮೀಟರಕ್ಕ ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ವಕೀಲರು.

"ಎಲ್ಲಿದ್ದೀರಿ ಅಕ್ಕಾ? ಕೆಲಸ ಕೆಟ್ಟಿದೆ. ನಿಮ್ಮ ಮಿಸ್ತ್ರಿ ಮಧ್ಯಾಹ್ನ ತಪ್ಪೊಪ್ಪಿಗೆಗೆ ಸಹಿ ಹಾಕಿದ್ದಾನೆ."

"ಏನಂತ?"

"ಬಾಯ್ಲರ್ ತಪಾಸಣೆ ಹಿಂದಿನ ದಿನ ಆಫೀಸಿನ ಕಂಪ್ಯೂಟರಲ್ಲಿ ಮಿತಿಗಳ ಪಟ್ಟಿ ನಾನೇ ತೆರೆದು ಕೆಡಿಸಿದೆ, ಗಂಟೆ ಹೊಡೀಬಾರದು ಅಂತ ಬೇಕಂತಲೇ ಮಾಡಿದೆ ಅಂತ."

"ಅವನಿಗೆ ಕಂಪ್ಯೂಟರು ಹಚ್ಚೋಕೂ ಬರಲ್ಲ ವಕೀಲ್ರೇ."

"ಅದನ್ನ ಸಹಿ ಹಾಕಿದೋನಿಗೆ ಹೇಳಿ."

"ಅವನ ಕೈಬರಹಾನೇನಾ?"

"ಕೈಬರಹ ಎಲ್ಲಿ ಬಂತು, ಟೈಪ್ ಮಾಡಿದ್ದು. ಎರಡು ಪುಟ. ಹುಡುಕಿದ್ರೂ ಒಂದು ತಪ್ಪು ಸಿಗಲ್ಲ."

ಮೀಟರಕ್ಕ ಫೋನನ್ನು ಚೀಲಕ್ಕೆ ಹಾಕಿದಳು. ಚೀಲದ ಜಿಪ್ಪು ಎಳೆದಳು, ಮತ್ತೆ ತೆಗೆದಳು, ಮತ್ತೆ ಎಳೆದಳು.

"ಯಾವಾಗ ಗೊತ್ತಾಯ್ತು ನಿನಗೆ?"

"ನಿನ್ನೆ. ನೀವು ಹಾಳೆ ತೋರಿಸ್ದಾಗ." ಮಗಳು ರಸ್ತೆ ನೋಡುತ್ತಾ ಮಾತಾಡಿದಳು. "ತಪಾಸಣೆಯೋರು ಬರ್ತಾರೆ, ಪಟ್ಟಿ ಚೆನ್ನಾಗಿ ಕಾಣ್ಬೇಕು ಅಂತ ನಾನೇ ತೆಗ್ದಿದ್ದು ಆ ಪ್ರಿಂಟು. ಅದರಿಂದ ಗಂಟೆ ನಿಲ್ಲುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ನಿನ್ನೆ ನೀವು ಸೊನ್ನೆ ಸೊನ್ನೆ ಅಂತ ಶುರು ಮಾಡಿದ್ರಲ್ಲ, ಆಗ ಅನುಮಾನ ಬಂತು."

"ಬೆಳಿಗ್ಗೆ ಅಪ್ಪನ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಪೊಲೀಸರಿಗೆ ಹೇಳ್ಬಿಡ್ತೀನಿ ಅಂದೆ. ಅಪ್ಪ ಅತ್ತಿಲ್ಲ, ಬೈದಿಲ್ಲ. 'ಆವತ್ತು ಹಾಳೆ ತಗೊಂಡು ನನ್ನ ಹತ್ರ ಬಂದಿದ್ದೆ, ನೆನಪಿದ್ಯಾ ಪುಟ್ಟಿ' ಅಂದ್ರು."

"ಹೋಗಿದ್ಯಾ ಆವತ್ತು?"

"ಹೋಗಿದ್ದೆ ಅತ್ತೆ. ಮರೆತೇ ಬಿಟ್ಟಿದ್ದೆ. ಪ್ರಿಂಟಲ್ಲಿ ಮುಂದಿನ ಸೊನ್ನೆ ಕಾಣ್ತಿಲ್ಲ, ಪರವಾಗಿಲ್ವಾ ಅಂತ ಕೇಳ್ದೆ. ಅಪ್ಪನ ಕೈಯೆಲ್ಲ ಮಸಿ, ಹಾಳೆ ಮುಟ್ಟದೇ ನೋಡಿದ್ರು. 'ಒಂಬತ್ತೂವರೆಗೆ ಮುಂದೆ ಸೊನ್ನೆ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಹೀಗೇ ಚೆನ್ನಾಗಿ ಕಾಣುತ್ತೆ, ಇರ್ಲಿ ಬಿಡು' ಅಂದ್ರು." "ಅದನ್ನೇ ಹಿಡ್ಕೊಂಡ್ರು ಇವತ್ತು. 'ಕೇಳಿದೋಳು ನೀನು, ಇರ್ಲಿ ಅಂದೋನು ನಾನು. ಇನ್ನು ನಿನ್ನ ಬಾಯಿಂದ ಒಂದು ಮಾತು ಬರ್ಬಾರ್ದು. ನಾನು ಹೇಳ್ತೀನಿ, ಬರ್ಕೋ' ಅಂದ್ರು."

ಮೀಟರಕ್ಕ ಅವಳ ಕಡೆ ತಿರುಗಿದಳು.

"ಆ ಎರಡು ಪುಟ..."

"ಆಫೀಸಿಗೆ ಹೋಗಿ ನಾನೇ ಟೈಪ್ ಮಾಡ್ದೆ. ಲಾಂಡ್ರೀಲಿ ಟೈಪಿಂಗ್ ಬರೋಳು ನಾನೊಬ್ಬಳೇ ತಾನೇ."

ಬಸ್ಸೊಂದು ಬಂತು. ಅವರದಲ್ಲ. 

"ಇಷ್ಟೆಲ್ಲ ಆದ್ಮೇಲೆ ನನ್ನ ಜೊತೆ ಇಲ್ಲಿಗೆ ಯಾಕೆ ಬಂದೆ?"

"ಅದರಿಂದ ಆಗಿದ್ದಲ್ಲ ಅಂತ ಮೇಷ್ಟ್ರು ಹೇಳ್ತಾರೇನೋ ಅಂತ."

ಸಮಾಧಾನ ಹೇಳುವುದು ಮೀಟರಕ್ಕನಿಗೆ ಬಾರದ ವಿದ್ಯೆಯಲ್ಲ. ಗಂಡ ಸತ್ತ ಮನೆ, ಕರೆಂಟು ಕಿತ್ತ ಮನೆ, ಎಲ್ಲ ಕಡೆ ಹೊಸ್ತಿಲ ಮೇಲೆ ನಿಂತು ಎರಡು ಮಾತು ಹೇಳಿ ಬಂದವಳು. ಈಗ ಹುಡುಕಿದರೆ ಒಂದೂ ಸಿಗಲಿಲ್ಲ. ಅಪ್ಪನನ್ನು ಬಿಡಿಸುವ ಕಾಗದ ಚೀಲದಲ್ಲಿತ್ತು. ಅದನ್ನು ಹೊರಗೆ ತೆಗೆದರೆ ಆ ಖಾಲಿ ಜಾಗಕ್ಕೆ ಮಗಳು ಹೋಗಬೇಕು. ಅಪ್ಪ ಮಗಳಿಬ್ಬರಲ್ಲಿ ಯಾರು ಹೋದರೂ ವಾಲ್ವಿನ ವಿಷಯ ಯಾರೂ ಕೇಳುವುದಿಲ್ಲ.

ಆಗ ಹೊಳೆಯಿತು.

"ಟೈಪ್ ಮಾಡುವಾಗ ಮ್ಯಾನೇಜರ್ ಅಲ್ಲೇ ಇದ್ನಾ?"

"ಹಿಂದೆ ನಿಂತು ಓದಿದ್ರು. 'ಬೇಕಂತಲೇ' ಅನ್ನೋ ಪದ ಅವರು ಸೇರಿಸಿದ್ದು. ಅಪ್ಪ ಹೇಳಿರ್ಲಿಲ್ಲ. ಸಹಿ ಹಾಕಿಸೋಕೆ ಜೈಲಿಗೆ ತಗೊಂಡ್ ಹೋಗಿದ್ದೂ ಅವರೇ."

"ಅವನು ಓದಿದ್ರೆ ಓದ್ಲಿ. ಶೀಟು ತೆರೆದೋಳು ನೀನು ಅಂತ ಅವನಿಗೆ ಗೊತ್ತಿಲ್ಲ ತಾನೇ?"

ಮಗಳು ಚಪ್ಪಲಿಯ ತುದಿಯಿಂದ ನೆಲ ಕೆರೆದಳು.

"ಗೊತ್ತಾ?"

"ಎರಡು ಪ್ರತಿ ತೆಗಿ ಅಂದ್ರು ಅತ್ತೆ. ಎರಡನೇದರಲ್ಲಿ ಹೆಸರಿನ ಜಾಗ ಖಾಲಿ ಬಿಡು ಅಂದ್ರು. ಯಾಕೆ ಅಂತ ಕೇಳ್ದೆ. 'ನಿಮ್ಮಪ್ಪ ನಾಳೆ ಕೋರ್ಟಲ್ಲಿ ಮಾತು ಬದಲಾಯಿಸಿದ್ರೆ ಬೇಕಾಗುತ್ತಮ್ಮ' ಅಂದ್ರು."

"ಆ ಪ್ರತಿ ಎಲ್ಲಿ?"

"ಅವರ ಹತ್ರ."

"ಖಾಲೀನೇ ಇದ್ಯಾ?"

"ಇಲ್ಲ," ಅಂದಳು ಮಗಳು. "ನನ್ನ ಹೆಸರು ಬರೆದು ಸಹಿ ಹಾಕಿಕೊಟ್ಟೆ."

ಮೀಟರಕ್ಕನಿಗೆ ಕೈ ಎತ್ತಿ ಒಂದೇಟು ಹಾಕಬೇಕೆನಿಸಿತು. ಎಳೆದುಕೊಂಡು ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ನಾಳೆ ನೀವು ಬರ್ಬೇಡಿ ಅತ್ತೆ. ಮೇಷ್ಟ್ರನ್ನೂ ಕರ್ಕೊಂಡು ಬರ್ಬೇಡಿ."

"ಬಂದ್ರೆ?"

"ಇಬ್ಬರ ಸಹಿಯೂ ಅವರ ಹತ್ರ ಇದೆ. ಇಬ್ಬರೂ ಹೋಗ್ತೀವಿ."

ರಸ್ತೆಯ ತಿರುವಿನಲ್ಲಿ ಲಾಂಡ್ರಿಯ ಬಿಳಿ ವ್ಯಾನು ಕಾಣಿಸಿತು. ಬಸ್‌ಸ್ಟಾಪಿನ ಮುಂದೆ ಬಂದು ನಿಂತಿತು. "ಮ್ಯಾನೇಜರ್ ಕಳಿಸಿದ್ದು, ಎಲ್ಲಿಗೆ ಹೋಗ್ತೀನಿ ಅಂತ ಕೇಳಿಟ್ಕೊಂಡಿದ್ರು," ಅಂದಳು ಮಗಳು. ಪಕ್ಕದ ಬಾಗಿಲು ಒಳಗಿನಿಂದ ಸರಿಯಿತು. ಒಗೆದು ಮಡಿಸಿದ ಹಾಸಿಗೆ ಬಟ್ಟೆಯ ಗಂಟುಗಳು ಸೂರಿನ ತನಕ ತುಂಬಿದ್ದವು, ಒಬ್ಬರು ಕೂರುವಷ್ಟು ಜಾಗ ಮಾತ್ರ ಬಿಟ್ಟಿದ್ದರು. ಮಗಳು ಎದ್ದು, ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, ಆ ಜಾಗಕ್ಕೆ ಹತ್ತಿ ಕೂತಳು.